ವದಂತಿಯ ಬೆನ್ನುಹತ್ತಿದ ವಿದ್ಯೆ

ವದಂತಿ ಎಂಬುದನ್ನು ಕನ್ನಡದಲ್ಲಿ ನಾವು ನಾಮಪದವಾಗಿ ಬಳಸುತ್ತ ಬಂದಿದ್ದೇವಾದರೂ ಸಂಸ್ಕೃತದಲ್ಲಿ ಅದು ಮೂಲತಃ ಒಂದು ಕ್ರಿಯಾರೂಪ. ‘ಹೇಳುತ್ತಾರೆ’ ಎಂದು ಅದರ ಅರ್ಥ. ಅದರ ಮುಂದೆ ‘ಕಿಂ’ ಎಂಬುದನ್ನಿಟ್ಟರೆ ಕಿಂವದಂತಿಯಾಗುತ್ತದೆ, ಅಂದರೆ ‘ಏನು ಹೇಳುತ್ತಾರೆ?’ ಎಂಬ ಪ್ರಶ್ನೆಯಾಗುತ್ತದೆ. ಹೇಳುವವರು ಯಾರೆಂಬುದನ್ನು ಮಾತ್ರ ಆ ಪದ ಬಿಟ್ಟುಕೊಡುವುದಿಲ್ಲ. ಬಹುವಚನದ ಮರೆಯಲ್ಲಿ ಕರ್ತೃ ಅಡಗಿ ಕುಳಿತಿರುತ್ತಾನೆ. ನಮ್ಮ ದೇಸಿಯ ನುಡಿಯಂತೂ ಈ ಕೆಲಸಕ್ಕೆ ಪ್ರತ್ಯೇಕವಾದ ಪದವನ್ನು ಸಹ ಬೇಡದೆ, ಕ್ರಿಯಾಪದದ ಬಾಲಕ್ಕೆ ‘ಅಂತೆ’ ಎಂಬ ಎರಡಕ್ಷರವನ್ನು ಕಟ್ಟಿ, ಆಡಿದವನ ಹೊಣೆಯನ್ನೆಲ್ಲ ಒಮ್ಮೆಗೇ ಇಳಿಸಿಬಿಡುತ್ತದೆ: ಪೇಟೆಯಲ್ಲಿ ಇಲಿ ಬಿತ್ತಂತೆ, ಆಸ್ಪತ್ರೆಗೆ ಒಯ್ದವರು ಹಿಂದಿರುಗಲಿಲ್ಲವಂತೆ, ಹನಿ ಹಾಕಿಸಿಕೊಂಡ ಕೂಸಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಅಂತೆಕಂತೆಗಳೆಂದು ನಾವು ಹಗುರವಾಗಿ ನೂಕಿಬಿಡುವ ಈ ವಾಙ್ಮಯವನ್ನು ಸಂಗ್ರಹಿಸಿ, ವಿಂಗಡಿಸಿ, ತೂಗಿ ನೋಡುವುದನ್ನೇ ಜೀವಿತದ ವೃತ್ತಿಯಾಗಿ ಮಾಡಿಕೊಂಡ ವಿದ್ವಾಂಸರ ಒಂದು ಕುಲ ಈಗ ಲೋಕದ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದು ನಿಂತಿದೆ. ಸಾಮಾಜಿಕ ಜಾಲತಾಣಗಳಲ್ಲಿ ರೋಗ ಮತ್ತು ಔಷಧಗಳನ್ನು ಕುರಿತು ಜನ ಏನನ್ನು ಆಡಿಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನದ ವಿಷಯ. 2002ರಲ್ಲಿ ಗುಂಟರ್ ಐಸೆನ್‌ಬಾಖ್ ಎಂಬ ವಿದ್ವಾಂಸರು ಈ ಅಧ್ಯಯನಕ್ಕೆ ‘ಇನ್ಫೋಡೆಮಿಯಾಲಜಿ’ ಎಂದು ನಾಮಕರಣ ಮಾಡಿದರು. ಹೆಸರು ಕರ್ಣಕಠೋರವೇ ಸರಿ. ಆದರೆ ಹೆಸರಿಟ್ಟ ದಿನವೇ ಹುಟ್ಟಿದ ದಿನವೆಂದು ತಿಳಿಯುವುದು ಕೂಸಿನ ವಿಷಯದಲ್ಲಿ ಹೇಗೆ ತಪ್ಪೋ ವಿದ್ಯೆಯ ವಿಷಯದಲ್ಲಿಯೂ ಹಾಗೆಯೇ ತಪ್ಪು. ಈ ವಿದ್ಯೆಗೆ ಯಂತ್ರಗಳಿಗಿಂತ ಹಳೆಯದಾದ ವಂಶಾವಳಿಯೊಂದುಂಟು; ಅದರ ಕೆಲವು ಬೇರುಗಳು ನಮ್ಮ ಮಣ್ಣಿನಲ್ಲಿಯೇ ಇವೆ.

ಮೊದಲು ಮೈಸೂರಿನ ಅರಮನೆಗೆ ಹೋಗೋಣ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಬರೆದ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರು ನಿಂತಿದ್ದಾರೆ. ಇವರು ನರ್ತಕಿಯರಿರಬೇಕೆಂದು ಬಹುಕಾಲ ಊಹಿಸಲಾಗಿತ್ತು. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇವರು ಮೈಸೂರು ರಾಜಮನೆತನದ ರಾಣಿಯರೆಂದೂ, ಮಧ್ಯದಲ್ಲಿರುವವರು ರಾಜಮಾತೆ ಲಕ್ಷ್ಮಮ್ಮಣ್ಣಿಯವರೆಂದೂ, ಒಂದು ಬದಿಯಲ್ಲಿ ಸೀರೆಯನ್ನು ಸರಿಸಿ ತೋಳನ್ನು ತೋರುತ್ತಿರುವ ಕಿರಿಯಳು ಬಾಲಕ ಮುಮ್ಮಡಿ ಕೃಷ್ಣರಾಜರ ಕೈಹಿಡಿದ ದೇವಾಜಮ್ಮಣ್ಣಿಯೆಂದೂ, ಆಕೆ ತೋರುತ್ತಿರುವುದು ಸಿಡುಬಿನ ಹೊಸ ದಾಕನ್ನು ಹಾಕಿಸಿಕೊಂಡ ಜಾಗವನ್ನೆಂದೂ ವಾದಿಸಿದರು. ಈ ವ್ಯಾಖ್ಯಾನವನ್ನು ಎಲ್ಲರೂ ಒಪ್ಪಿದ್ದಾರೆಂದು ಹೇಳಲಾಗದು. ಒಪ್ಪುವುದಾದರೆ, ಸಾರ್ವಜನಿಕ ಆರೋಗ್ಯದ ಪ್ರಚಾರಚಿತ್ರಗಳಲ್ಲಿ ಇದಕ್ಕಿಂತ ಭವ್ಯವಾದದ್ದು ನಮ್ಮ ದೇಶದಲ್ಲಿ ಮತ್ತೆ ಆಗಲಿಲ್ಲವೆನ್ನಬೇಕು. ಎಡ್ವರ್ಡ್ ಜೆನ್ನರ್ ಗೋವಿನ ಸಿಡುಬಿನ ಪ್ರಯೋಗವನ್ನು ಮಾಡಿದ್ದು 1796ರಲ್ಲಿ. ಆ ದಾಕು ಬಾಗ್ದಾದು ಬಸರಾಗಳ ಮಾರ್ಗವಾಗಿ, ಒಂದು ಮಗುವಿನ ತೋಳಿನಿಂದ ಇನ್ನೊಂದರ ತೋಳಿಗೆ ದಾಟುತ್ತ, ಮುಂಬಯಿಯಲ್ಲಿ ಮೂರು ವರ್ಷದ ಬಾಲಿಕೆಯೊಬ್ಬಳನ್ನು ತಲಪಿದ್ದು 1802ರ ಜೂನಿನಲ್ಲಿ. ಮೂರು ನಾಲ್ಕು ವರ್ಷಗಳೊಳಗೆ ಅದು ಅಂತಃಪುರವನ್ನು ಹೊಕ್ಕಿತೆಂದರೆ, ಲಕ್ಷ್ಮಮ್ಮಣ್ಣಿಯವರ ಪತಿಯೇ ಸಿಡುಬಿಗೆ ಬಲಿಯಾಗಿದ್ದರೆಂಬುದನ್ನು ಜ್ಞಾಪಿಸಿಕೊಂಡಾಗ ಅದರಲ್ಲಿ ಆಶ್ಚರ್ಯವಿಲ್ಲ. ಗಮನಿಸತಕ್ಕ ವಿಷಯ ಬೇರೊಂದಿದೆ. ಚಿತ್ರದಲ್ಲಿ ವೈದ್ಯನೂ ಇಲ್ಲ, ಉಪದೇಶವೂ ಇಲ್ಲ. ಬಲ್ಲವರೊಬ್ಬರ ತೋಳು ಮಾತ್ರ ಇದೆ. ಔಷಧದ ಗುಣಕ್ಕಿಂತ ಅದನ್ನು ಮೊದಲು ತೆಗೆದುಕೊಂಡವರು ಯಾರು ಎಂಬುದೇ ಜನಕ್ಕೆ ಮುಖ್ಯವೆಂದು ಚಿತ್ರವನ್ನು ಬರೆಯಿಸಿದವರು ಅರಿತಿದ್ದರೆಂದು ತೋರುತ್ತದೆ.

ಅದೇ ಕಾಲದಲ್ಲಿ ಮದರಾಸಿನಲ್ಲಿ ನಡೆದದ್ದು ಇಷ್ಟು ನಿರ್ಮಲವಾದ ಕಥೆಯಲ್ಲ. ದ್ರಾವಿಡಭಾಷೆಗಳು ಒಂದೇ ಕುಟುಂಬಕ್ಕೆ ಸೇರಿದುವೆಂದು 1816ರಲ್ಲಿ ತೋರಿಸಿಕೊಟ್ಟ ಫ್ರಾನ್ಸಿಸ್ ವೈಟ್ ಎಲಿಸ್ ಎಂಬ ಅಧಿಕಾರಿ, ಜನರಿಗೆ ದಾಕಿನ ಮೇಲಿದ್ದ ಅಳುಕನ್ನು ಕಳೆಯುವ ಸದುದ್ದೇಶದಿಂದ, ಅದನ್ನು ಕೊಂಡಾಡುವ ಸಂಸ್ಕೃತ ಪದ್ಯಗಳನ್ನು ತಾವೇ ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಪ್ರಾಚೀನ ಗ್ರಂಥವೊಂದು ದೊರಕಿತೆಂದು ತೋರುವಂತೆ ಮಾಡಿದರೆಂದು ಅವರ ಸಮಕಾಲೀನರೇ ಬರೆದಿಟ್ಟಿದ್ದಾರೆ. ಪುಣ್ಯಕೋಟಿಯ ಕೆಚ್ಚಲಿನಿಂದ ಬಂದ ಔಷಧವೆಂದರೆ ಶಾಸ್ತ್ರಿಗಳು ತಲೆದೂಗಿಯಾರೆಂಬ ಲೆಕ್ಕಾಚಾರ. 1819ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ, ಜೆನ್ನರನಿಗಿಂತ ಎಷ್ಟೋ ಮೊದಲೇ ಭಾರತೀಯರಿಗೆ ಗೋವಿನ ದಾಕು ತಿಳಿದಿತ್ತೆಂದು ಸಾರುವ ಪತ್ರವೊಂದು ಪ್ರಕಟವಾಯಿತು. ಅದು ಸಮುದ್ರವನ್ನು ದಾಟಿ ಯೂರೋಪಿನ ವೈದ್ಯಗ್ರಂಥಗಳನ್ನು ಸೇರಿ, ಅಲ್ಲಿಂದ ಪುನಃ ನಮ್ಮಲ್ಲಿಗೆ ಪ್ರಮಾಣವಾಗಿ ಹಿಂದಿರುಗಿತು. ಸಂಸ್ಕೃತ ವೈದ್ಯಶಾಸ್ತ್ರದ ಇತಿಹಾಸಕಾರರಾದ ಡೊಮಿನಿಕ್ ವುಯಸ್ಟಿಕ್ ಅವರು 1987ರಲ್ಲಿ ಈ ಕಥೆಯ ಎಳೆಗಳನ್ನು ಬಿಡಿಸಿ ತೋರಿಸಿದ ಮೇಲೆಯೂ ಆ ಮಾತು ಸತ್ತಿಲ್ಲ. ನಮ್ಮ ಜೇಬಿನ ಯಂತ್ರಗಳಲ್ಲಿ ಇಂದಿಗೂ ಸುತ್ತುತ್ತಿದೆ. ಸುಳ್ಳು ಸುದ್ದಿಯನ್ನು ಅಜ್ಞಾನಿಗಳೇ ಹುಟ್ಟಿಸುತ್ತಾರೆಂದು ನಂಬಿರುವವರು ಎಲಿಸ್ ಸಾಹೇಬರನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ಆತ ಪಂಡಿತ, ಪ್ರಾಮಾಣಿಕ, ಜನಹಿತೈಷಿ.

1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಮುಟ್ಟಿದ್ದು 1898ರ ಆಗಸ್ಟಿನಲ್ಲಿ. ಸರ್ಕಾರ ತನಗೆ ತಿಳಿದ ಎಲ್ಲ ಉಪಾಯಗಳನ್ನೂ ಹೂಡಿತು: ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು, ಕಾರ್ಯಾಚರಣೆಯ ಸುದ್ದಿಯನ್ನು ಬೇಗ ಸಾಗಿಸಲು ಟೆಲಿಫೋನ್ ತಂತಿಗಳನ್ನು ಎಳೆಯಲಾಯಿತು, ಮನೆಮನೆಯ ತಪಾಸಣೆ ನಡೆಯಿತು, ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಎದ್ದುವು. ಹಳ್ಳಿಗಳಲ್ಲಿ ಸುದ್ದಿಯ ವ್ಯವಸ್ಥೆ ಬೇರೆಯಾಗಿದ್ದಿತು. ಅಮಲ್ದಾರರ ಅಪ್ಪಣೆಯನ್ನು ತಳವಾರ ತಮಟೆ ಬಡಿದು ಸಾರುತ್ತಿದ್ದುದು ನಿಜ. ಆದರೆ ಅವನ ಡಂಗುರಕ್ಕೆ ಮೊದಲೇ ಅಟ್ಟದ ಮೇಲಿಂದ ಇಲಿ ಬಿದ್ದು ಸುದ್ದಿಯನ್ನು ತಿಳಿಸಿರುತ್ತಿತ್ತು. ‘ಇಲಿ ಬಿತ್ತು’ ಎಂಬೆರಡು ಮಾತು ಕಿವಿಯಿಂದ ಕಿವಿಗೆ ಹೋಗುವುದೇ ತಡ, ಜನ ಪಾತ್ರೆಪಡಗಗಳನ್ನು ಕಟ್ಟಿಕೊಂಡು ಊರ ಹೊರಗಿನ ಹೊಲಗಳಲ್ಲಿ ಶೆಡ್ಡು ಹಾಕಿಕೊಳ್ಳುತ್ತಿದ್ದರು. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ಆ ಶೆಡ್ಡುಗಳ ಪರಿಚಯವಿದೆ. ಇತ್ತ ಪ್ಲೇಗಮ್ಮನೆಂಬ ಹೊಸ ದೇವತೆ ಮಾರಮ್ಮನ ಪರಿವಾರವನ್ನು ಸೇರಿ ಗುಡಿಗಳನ್ನು ಪಡೆದಳು. ವಿಚಾರಮಾಡಿದರೆ ಇಲಿಯ ಸುದ್ದಿಯನ್ನು ನಂಬಿ ಊರು ಬಿಟ್ಟ ಹಳ್ಳಿಗ ರೋಗಶಾಸ್ತ್ರಕ್ಕೆ ಸಮ್ಮತವಾದುದನ್ನೇ ಮಾಡುತ್ತಿದ್ದ. ಇಲಿಗೂ ಮನುಷ್ಯನ ಪ್ಲೇಗಿಗೂ ಇರುವ ಸಂಬಂಧವನ್ನು ವಿದ್ವಾಂಸರು ಆ ವರ್ಷಗಳಲ್ಲಿ ಇನ್ನೂ ಚರ್ಚಿಸುತ್ತಲೇ ಇದ್ದರು.

ಅಂತೆಗಳೆಲ್ಲ ಇಷ್ಟು ಉಪಕಾರಿಗಳಾಗಿರಲಿಲ್ಲ. ಆಸ್ಪತ್ರೆಗೆ ಒಯ್ದವರ ದೇಹದಿಂದ ಎಣ್ಣೆ ತೆಗೆಯುತ್ತಾರಂತೆ, ರೋಗಿಗಳನ್ನು ವಿಷವಿಟ್ಟು ಕೊಲ್ಲುತ್ತಾರಂತೆ ಎಂಬ ಮಾತುಗಳು ಉತ್ತರದ ಊರುಗಳಲ್ಲಿ ಹಬ್ಬಿ, 1896ರ ಅಕ್ಟೋಬರಿನಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ನುಗ್ಗಿದರು. ಅಧಿಕಾರಿಗಳು ತಮ್ಮ ವರದಿಗಳಲ್ಲಿ ಇಂಥ ಮಾತುಗಳನ್ನು ಮೂಢತನದ ಮಾದರಿಗಳೆಂದು ಒಂದೆರಡು ಸಾಲಿನಲ್ಲಿ ನಮೂದಿಸಿ ಮುಂದೆ ಹೋದರು. ಈ ‘ಮುಂದೆ ಹೋಗುವಿಕೆ’ಯೇ ಮುಂದಿನ ನೂರು ವರ್ಷಗಳ ತೊಡಕು. ಏಕೆಂದರೆ 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ರೂಪಿಸಿದ ಪ್ಲೇಗ್ ಲಸಿಕೆಯನ್ನು ಚುಚ್ಚಿಸಿಕೊಂಡವರ ಪೈಕಿ 19 ಜನ ಧನುರ್ವಾಯುವಿನಿಂದ ನಿಜವಾಗಿಯೂ ಸತ್ತರು. ಒಂದೇ ಒಂದು ಸೀಸೆ ಕಲುಷಿತವಾಗಿತ್ತು. ಹಾಫ್ಕಿನ್ನರ ತಪ್ಪಿಲ್ಲವೆಂದು ಸ್ಪಷ್ಟವಾಗುವ ಹೊತ್ತಿಗೆ ಐದು ವರ್ಷಗಳು ಕಳೆದಿದ್ದುವು. ಸುದ್ದಿ ಅಷ್ಟು ಕಾಲ ಕಾಯಲಿಲ್ಲ. ವದಂತಿಯ ಹೊಟ್ಟೆಯೊಳಗೆ ಎಲ್ಲೋ ಒಂದು ಸಂಗತಿಯ ಕಾಳಿರುತ್ತದೆಂಬುದನ್ನೂ, ಆ ಕಾಳನ್ನು ಹುಡುಕದೆ ಹೊಟ್ಟನ್ನು ತೂರಿ ಪ್ರಯೋಜನವಿಲ್ಲವೆಂಬುದನ್ನೂ ಅರಿಯಬೇಕಾದರೆ ಕಚೇರಿಗಳ ದೃಷ್ಟಿ ಸಾಲದಾಗಿತ್ತು. ಬೇರೆ ಬಗೆಯ ಕುತೂಹಲವುಳ್ಳವರು ಬರಬೇಕಾಗಿತ್ತು.

ಅಂಥವರು ಬಂದ ವರ್ಷ 1935 ಎಂದು ಹೇಳಲು ನನಗೆ ಆಸೆ. ಇತಿಹಾಸದಲ್ಲಿ ಕಾಕತಾಳೀಯಗಳಿಗೆ ಹೆಚ್ಚು ಬೆಲೆ ಕೊಡಬಾರದೆಂದು ಬಲ್ಲೆನಾದರೂ ಈ ಒಂದನ್ನು ಬಿಡಲು ಮನಸ್ಸು ಬಾರದು. ಆ ವರ್ಷದ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಪ್ರೇಷಕಯಂತ್ರವೊಂದನ್ನು ಇಟ್ಟುಕೊಂಡು ಬಾನುಲಿಯ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಹೊಸ ಮೈಸೂರಿನ ಕನಸುಗಳಿಗೆಲ್ಲ ಆ ಹೆಸರು ಒಪ್ಪುತ್ತದೆ: ಮೇಲಿನಿಂದ ಇಳಿದುಬರುವ ವಾಣಿ, ಅಶರೀರವಾದದ್ದು, ಪ್ರಶ್ನೆಗೆ ಎಡೆಗೊಡದದ್ದು, ಹಿತವನ್ನೇ ನುಡಿಯುವಂಥದ್ದು. ಮೈಸೂರು ಸರ್ಕಾರವೂ ಆಗ ಅದೇ ಭಾವದಿಂದ ಕೆಲಸ ಮಾಡುತ್ತಿದ್ದಿತು. 1930ರಲ್ಲಿಯೇ ಸಂತಾನನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದು ಲೋಕಕ್ಕೇ ಮೇಲ್ಪಂಕ್ತಿಯಾಗಿತ್ತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮಾರೋಗ್ಯದ ಪ್ರಯೋಗಗಳನ್ನು ನಡೆಸಿತ್ತು. ಹೇಳಿದರೆ ಜನ ಕೇಳುತ್ತಾರೆ, ಕೇಳಿದರೆ ತಿಳಿಯುತ್ತಾರೆ, ತಿಳಿದರೆ ನಡೆಯುತ್ತಾರೆ ಎಂಬ ಮೂರು ಮೆಟ್ಟಿಲುಗಳಲ್ಲಿ ಆ ತಲೆಮಾರಿನ ಸಜ್ಜನರಿಗೆ ಸಂಶಯವಿರಲಿಲ್ಲ.

ಅದೇ 1935ರಲ್ಲಿ, ಇಂಗ್ಲೆಂಡಿನ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಪಾಟ್ನಾದ ಜಮುನಾ ಪ್ರಸಾದ್ ಎಂಬವರ ಲೇಖನವೊಂದು ಪ್ರಕಟವಾಯಿತು. ಹಿಂದಿನ ವರ್ಷದ ಜನವರಿ 15ರ ಮಧ್ಯಾಹ್ನ ಬಿಹಾರ ನೇಪಾಳಗಳನ್ನು ನಡುಗಿಸಿದ ಮಹಾಭೂಕಂಪದ ತರುವಾಯ, ಕಂಪನವನ್ನು ಬಲವಾಗಿ ಅನುಭವಿಸಿಯೂ ಮನೆಗಳು ಬೀಳದೆ ಉಳಿದ ಪ್ರದೇಶದಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಅವರು ಒಂದೊಂದಾಗಿ ಬರೆದಿಟ್ಟುಕೊಂಡಿದ್ದರು. ಗಂಗೆಯ ನೀರು ಆ ಕ್ಷಣದಲ್ಲಿ ಮಾಯವಾಗಿ ಸ್ನಾನಮಾಡುತ್ತಿದ್ದವರು ಮರಳಿನಲ್ಲಿ ಹೂತುಹೋದರಂತೆ. 18 ಮತ್ತು 19ರ ನಡುವೆ ಪಾಟ್ನಾಕ್ಕೆ ಚಂಡಮಾರುತ ಬರುವುದಂತೆ. ನೇಪಾಳದ ಗಡಿಯಿಂದ ಪ್ರವಾಹ ನುಗ್ಗಿಬರುತ್ತಿದೆಯಂತೆ. ಚಂದ್ರಗ್ರಹಣದ ದಿನ ಇನ್ನೊಂದು ಭೂಕಂಪವಾಗುವುದಂತೆ. ನೆಲ ನಡುಗುವ ಹೊತ್ತಿನಲ್ಲಿ ಇಂಥ ಹರಟೆಯನ್ನು ಬರೆದಿಟ್ಟುಕೊಳ್ಳಬೇಕೆಂದು ಒಬ್ಬ ಮನುಷ್ಯನಿಗೆ ತೋರಿದ್ದೇ ನನಗೆ ಅಚ್ಚರಿಯ ವಿಷಯ. ಪ್ರಸಾದರು ಈ ಮಾತುಗಳನ್ನು ನಿಜವೋ ಸುಳ್ಳೋ ಎಂದು ಪರೀಕ್ಷಿಸಿ ಬಿಟ್ಟುಬಿಡಲಿಲ್ಲ. ಇವು ಹೀಗೇಕೆ ಹುಟ್ಟುತ್ತವೆ ಎಂದು ಕೇಳಿದರು. 1950ರಲ್ಲಿ ಅವರು ಮತ್ತೊಂದು ಲೇಖನವನ್ನು ಬರೆದು, ಬೇರೆ ಬೇರೆ ಕಾಲದ ಭೂಕಂಪಗಳಲ್ಲಿ ಹಬ್ಬಿದ ಮಾತುಗಳೊಡನೆ ತಮ್ಮ ಸಂಗ್ರಹವನ್ನು ಹೋಲಿಸಿದರು. ಆ ವರ್ಷ ಡಾರ್ಜಿಲಿಂಗಿನಲ್ಲಿ ಗುಡ್ಡ ಜರಿದು ನಿಜವಾದ ಹಾನಿಯಾದಾಗ ದುರ್ಗಾನಂದ ಸಿನ್ಹಾ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಅಲ್ಲಿನ ಮಾತುಗಳನ್ನು ಸಂಗ್ರಹಿಸಿದರು. ಅಲ್ಲಿ ಮುಂದೆ ಬರಲಿರುವ ಮಹಾವಿಪತ್ತಿನ ಅಂತೆಗಳು ಕಾಣಲಿಲ್ಲ.

ಈ ಎರಡು ಸಂಗ್ರಹಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಮನೆ ಬಿದ್ದವನು ಹೆದರುವುದಕ್ಕೆ ಕಾರಣವಿದೆ, ಅವನಿಗೆ ಹೊಸ ವಿಪತ್ತಿನ ಸುದ್ದಿ ಬೇಕಾಗಿಲ್ಲ. ನೆಲ ನಡುಗಿಯೂ ಮನೆ ಬೀಳದವನು ಹೆದರಿದ್ದಾನೆ, ಆದರೆ ಹೆದರಿಕೆಗೆ ತಕ್ಕ ಕಾರಣ ಕಣ್ಣೆದುರಿಗಿಲ್ಲ. ಆದುದರಿಂದ ಅವನ ಮನಸ್ಸು ಆ ಭಯಕ್ಕೆ ಒಪ್ಪುವಂಥ ಸುದ್ದಿಯನ್ನು ಹುಡುಕುತ್ತದೆ, ಸಿಕ್ಕಿದರೆ ನಂಬುತ್ತದೆ. ಸುದ್ದಿಯಿಂದ ಭಯ ಹುಟ್ಟುತ್ತದೆಂದು ಲೋಕ ತಿಳಿದಿದ್ದರೆ ಇಲ್ಲಿ ಭಯದಿಂದ ಸುದ್ದಿ ಹುಟ್ಟಿತ್ತು. ಇದನ್ನು ಯೋಚಿಸುತ್ತ ಫೆಸ್ಟಿಂಗರರು ಕಂಡುಕೊಂಡದ್ದು 1957ರ ಅವರ ಗ್ರಂಥದಲ್ಲಿ ಮನಸ್ಸಿನ ವೈರುಧ್ಯವನ್ನು ಕುರಿತ ಸುಪ್ರಸಿದ್ಧ ಸಿದ್ಧಾಂತವಾಗಿ ಬೆಳೆಯಿತು. ಆ ಸಿದ್ಧಾಂತ ಇಂದು ಲೋಕದ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಗಂಗೆ ಬತ್ತಿದ ಸುದ್ದಿಯನ್ನು ಬರೆದಿಟ್ಟ ಪ್ರಸಾದರ ಹೆಸರು ಅವುಗಳಲ್ಲಿ ಅಪರೂಪ. ನಮ್ಮವರು ಅದನ್ನು ಕುರಿತು ವಿಶೇಷವಾಗಿ ಹೆಮ್ಮೆಪಟ್ಟುದನ್ನೂ ನಾನು ಕಂಡಿಲ್ಲ.

ಅಮೆರಿಕದಲ್ಲಿ ಈ ವಿದ್ಯೆಯ ಇನ್ನೊಂದು ಕವಲು ಹೊಲದಲ್ಲಿ ಮೊಳೆಯಿತು. ಅಯೋವಾ ಸಂಸ್ಥಾನದ ರೈತರು ಹೈಬ್ರಿಡ್ ಮುಸುಕಿನ ಜೋಳವನ್ನು ಹೇಗೆ ಒಪ್ಪಿಕೊಂಡರೆಂದು ಇಬ್ಬರು ಸಮಾಜಶಾಸ್ತ್ರಜ್ಞರು 259 ಒಕ್ಕಲುಗಳನ್ನು ವಿಚಾರಿಸಿ 1943ರಲ್ಲಿ ಬರೆದರು: ಬೀಜದ ಸುದ್ದಿಯನ್ನು ಮೊದಲು ತಿಳಿಸಿದವನು ಮಾರಾಟಗಾರ, ಬಿತ್ತುವಂತೆ ಮಾಡಿದವನು ಪಕ್ಕದ ಹೊಲದವನು. ಅದೇ ಸಂಸ್ಥಾನದ ಕ್ಯಾರಲ್ ಎಂಬ ಊರಿನ ಬಳಿ 1931ರಲ್ಲಿ ಹುಟ್ಟಿದ ಎವರೆಟ್ ರೋಜರ್ಸ್ ಎಂಬ ಹುಡುಗನ ತಂದೆ, ಹೊಸ ಯಂತ್ರಗಳೆಂದರೆ ಮುಂದಾಗಿ ಕೊಳ್ಳುವವನಾದರೂ ಹೊಸ ಬೀಜವನ್ನು ಮಾತ್ರ ಒಲ್ಲದೆ ಇದ್ದ. 1936ರ ಬರಗಾಲದಲ್ಲಿ ನೆರೆಯ ಹೈಬ್ರಿಡ್ ಪೈರು ನೆಟ್ಟಗೆ ನಿಂತಿತು, ಅವನದು ಒಣಗಿ ಮಲಗಿತು. ತಂದೆಯ ಆ ಹಠಕ್ಕೆ ಕಾರಣವನ್ನು ಹುಡುಕುವುದರಲ್ಲಿಯೇ ಮಗನ ವಿದ್ವಜ್ಜೀವನವೆಲ್ಲ ಕಳೆಯಿತೆಂದರೆ ಅತಿಶಯೋಕ್ತಿಯಾಗದು. 1962ರಲ್ಲಿ ಪ್ರಕಟವಾದ, ಹೊಸತರ ಪ್ರಸರಣವನ್ನು ಕುರಿತ ಅವರ ಗ್ರಂಥದಲ್ಲಿ ಪೆರು ದೇಶದ ಲಾಸ್ ಮೋಲಿನೋಸ್ ಎಂಬ ಹಳ್ಳಿಯ ಕಥೆ ಬರುತ್ತದೆ. ನೀರನ್ನು ಕಾಯಿಸಿ ಕುಡಿಯಿರೆಂದು ಆರೋಗ್ಯ ಕಾರ್ಯಕರ್ತೆಯೊಬ್ಬಳು ಎರಡು ವರ್ಷ ಮನೆಮನೆಗೆ ತಿರುಗಿದಳು. 200 ಕುಟುಂಬಗಳಲ್ಲಿ ಅವಳ ಮಾತಿಗೆ ಒಲಿದುವು 11. ಆ ಹಳ್ಳಿಯವರ ಎಣಿಕೆಯಲ್ಲಿ ಪದಾರ್ಥಗಳೆಲ್ಲ ಉಷ್ಣ ಶೀತಗಳೆಂದು ವಿಂಗಡಿಸಲ್ಪಟ್ಟಿದ್ದು, ಕಾಯಿಸಿದ ನೀರು ರೋಗಿಗಳ ಪಥ್ಯವಾಗಿತ್ತು. ಆರೋಗ್ಯವಂತ ಅದನ್ನು ಕುಡಿದರೆ ಊರು ಅವನನ್ನು ನೋಡುವ ರೀತಿಯೇ ಬೇರೆಯಾಗುತ್ತಿತ್ತು. ಹಾಗಲಕಾಯಿ ಶೀತವೋ ಉಷ್ಣವೋ ಎಂದು ಅರ್ಧ ಗಂಟೆ ವಾದಿಸಬಲ್ಲ ನಮ್ಮ ಅಜ್ಜಿಯಂದಿರಿಗೆ ಇದನ್ನು ತಿಳಿಸಿ ಹೇಳಲು ಗ್ರಂಥ ಬೇಕಾಗುತ್ತಿರಲಿಲ್ಲ.

ರೋಜರ್ಸರ ಬಾಳಿನ ಉತ್ತರಾರ್ಧ ನಮ್ಮ ದೇಶಕ್ಕೂ ಸಂಬಂಧಿಸಿದ್ದು. 1984ರ ಜುಲೈಯಿಂದ 1985ರ ಡಿಸೆಂಬರಿನವರೆಗೆ ದೂರದರ್ಶನದಲ್ಲಿ 156 ಕಂತುಗಳಾಗಿ ಬಂದ ‘ಹಮ್ ಲೋಗ್’ ಧಾರಾವಾಹಿಯನ್ನು, ಕುಟುಂಬಯೋಜನೆ ಮುಂತಾದ ಸಂದೇಶಗಳನ್ನು ಕಥೆಯ ಬೆಲ್ಲದಲ್ಲಿ ಅದ್ದಿ ಕೊಡುವ ಉದ್ದೇಶದಿಂದಲೇ ರೂಪಿಸಲಾಗಿತ್ತು. ರೋಜರ್ಸರೂ ಅವರ ಶಿಷ್ಯ ಅರವಿಂದ ಸಿಂಘಾಲರೂ ಅದರ ಪರಿಣಾಮವನ್ನು ಅಭ್ಯಸಿಸಿದರು. ಪ್ರೇಕ್ಷಕರಿಂದ ಬಂದ ಪತ್ರಗಳು ಸುಮಾರು 4 ಲಕ್ಷ. ಮೊದಲ ಕಂತುಗಳಲ್ಲಿ ಉಪದೇಶದ ಪಾಕ ಹೆಚ್ಚಾಯಿತೆಂದು ಜನ ಮುಖ ತಿರುಗಿಸಲು, ಸಂದೇಶವನ್ನು ತಗ್ಗಿಸಬೇಕಾಯಿತು. ಅದಕ್ಕಿಂತ ಸ್ವಾರಸ್ಯವಾದದ್ದು ಭಾಗವಂತಿ ಎಂಬ ತಾಯಿಯ ಪಾತ್ರದ ಗತಿ: ಎಲ್ಲವನ್ನೂ ಸಹಿಸಿಕೊಳ್ಳುವ ಹೆಣ್ಣು ಹೇಗೆ ಬವಣೆಪಡುತ್ತಾಳೆಂದು ತೋರಿಸಲು ಸೃಷ್ಟಿಸಿದ ಆ ಪಾತ್ರವನ್ನು ಅನೇಕ ಪ್ರೇಕ್ಷಕರು ಆದರ್ಶಗೃಹಿಣಿಯೆಂದು ತಿಳಿದು ಮೆಚ್ಚಿಕೊಂಡರು. ಕಳುಹಿಸಿದ ಮಾತು ಒಂದು, ಸೇರಿದ ಮಾತು ಇನ್ನೊಂದು.

ಆದರೆ ಕಿಂವದಂತಿ ಎಂಬ ಪದದ ಒಳಗಿನ ಪ್ರಶ್ನೆಯನ್ನು ಸರ್ಕಾರವೊಂದು ನಿಜವಾಗಿ ಕೇಳಿದ್ದನ್ನು ನೋಡಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ಸಿಡುಬಿನ ನಿರ್ಮೂಲನದ ಕೊನೆಯ ಘಟ್ಟದಲ್ಲಿ, 1973ರಿಂದ 75ರವರೆಗೆ, ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಹಿಡಿದು ಉತ್ತರ ಭಾರತದ ಸಂತೆಗಳಲ್ಲಿ, ಶಾಲೆಗಳಲ್ಲಿ, ಮನೆಬಾಗಿಲುಗಳಲ್ಲಿ ನಿಂತು, ಹೀಗಿರುವವರನ್ನು ಎಲ್ಲಿಯಾದರೂ ಕಂಡಿರಾ ಎಂದು ವಿಚಾರಿಸಿದರು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. ಕಡೆಕಡೆಗೆ ಅದು 1000 ರೂಪಾಯಿಗೆ ಏರಿತು. ಬಂದ ಪ್ರತಿಯೊಂದು ಸುಳಿವನ್ನೂ ಬರೆದಿಟ್ಟುಕೊಳ್ಳಲು ಪುಸ್ತಕವೊಂದಿದ್ದಿತು. ಅದರ ಹೆಸರು ‘ರೂಮರ್ ರಿಜಿಸ್ಟರ್’, ವದಂತಿಗಳ ದಾಖಲೆ. ಅಂತೆಗೆ ಲೆಕ್ಕದ ಪುಸ್ತಕದಲ್ಲಿ ಗೌರವದ ಸ್ಥಾನ ದೊರೆತದ್ದು ಪ್ರಾಯಶಃ ಇದೇ ಮೊದಲು. ಭಾರತದ ಕೊನೆಯ ರೋಗಿ ಪತ್ತೆಯಾದದ್ದು 1975ರ ಮೇ ತಿಂಗಳಿನಲ್ಲಿ ಅಸ್ಸಾಮಿನ ಕರೀಂಗಂಜಿನಲ್ಲಿ. ರೋಗ ಲೋಕದಿಂದಲೇ ಹೋದ ಮೇಲೆಯೂ 1978ರಿಂದ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥದೇ ಅಂತಾರಾಷ್ಟ್ರೀಯ ದಾಖಲೆಯನ್ನು ಇಟ್ಟಿತು. ಅದರಲ್ಲಿ ನಮೂದಾದ ಸಿಡುಬುಗಳು ವಿಚಾರಿಸಿದಾಗ ಬಹುಮಟ್ಟಿಗೆ ಸೀತಾಳೆ ಸಿಡುಬೋ ದಡಾರವೋ ಆಗಿ ಕೊನೆಗಂಡುವು. ಸುಳ್ಳೆಂದು ಯಾರೂ ಸಿಡುಕಲಿಲ್ಲ.

ಇಂಥ ಕಿವಿ ಅದೇ ವರ್ಷಗಳಲ್ಲಿ ಇನ್ನೊಂದು ಇಲಾಖೆಗೆ ಇರಲಿಲ್ಲವೆಂಬುದೇ ದುರ್ದೈವ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ಸಾಲಿನಲ್ಲಿ, 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಅವುಗಳಲ್ಲಿ ಬಲಾತ್ಕಾರದ ಪಾಲು ಎಷ್ಟೆಂಬುದು ಉತ್ತರ ಪ್ರದೇಶದ ಹಳ್ಳಿಗಳಿಗೆ ಚೆನ್ನಾಗಿ ತಿಳಿದಿತ್ತು. ಕಾಲು ಶತಮಾನದ ಬಳಿಕ ಅದೇ ಹಳ್ಳಿಗಳ ಬಾಗಿಲಿಗೆ ಪೋಲಿಯೋ ಹನಿಗಳು ಬಂದಾಗ, ಇದು ಮಕ್ಕಳಾಗದಂತೆ ಮಾಡುವ ಔಷಧವಂತೆ ಎಂಬ ಮಾತು ಹಬ್ಬಿತು. ಮಾತು ಸುಳ್ಳು, ಅದರ ಹಿಂದಿನ ನೆನಪು ಸುಳ್ಳಲ್ಲ. ಸಮುದಾಯದ ಹೆಂಗಸರನ್ನೇ ಕಾರ್ಯಕರ್ತರಾಗಿ ಗೊತ್ತುಮಾಡಿ, ಇಮಾಮರನ್ನೂ ಶಿಕ್ಷಕರನ್ನೂ ಕೂಡಿಸಿಕೊಂಡು ವರ್ಷಗಟ್ಟಲೆ ತಾಳ್ಮೆಯಿಂದ ದುಡಿದ ಮೇಲೆಯೇ ಆ ಬಾಗಿಲುಗಳು ತೆರೆದದ್ದು. ದೇಶದ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ.

ಇದೇ ಅಂತೆ 2003ರಲ್ಲಿ ಉತ್ತರ ನೈಜೀರಿಯದ ಕಾನೊ ಪ್ರಾಂತವನ್ನು ಹಿಡಿದು ಅಲ್ಲಿ ಲಸಿಕೆಯೇ ನಿಂತುಹೋಯಿತು. ಪೋಲಿಯೋ ಅಲ್ಲಿಂದ ಹೊರಟು ಹಲವು ದೇಶಗಳನ್ನು ದಾಟಿ ಇಂಡೊನೇಷ್ಯವನ್ನೂ ಮುಟ್ಟಿತು. ಆಗ ಯುನಿಸೆಫ್‌ನಲ್ಲಿ ಲಸಿಕೆಗೆ ಸಂಬಂಧಿಸಿದ ಸಂವಹನದ ಹೊಣೆ ಹೊತ್ತಿದ್ದ ಹೈಡಿ ಲಾರ್ಸನ್ ಎಂಬ ಮಾನವಶಾಸ್ತ್ರಜ್ಞೆ ಈ ಘಟನೆಯಿಂದ ತಮ್ಮ ವೃತ್ತಿಯ ದಿಕ್ಕನ್ನೇ ಬದಲಿಸಿಕೊಂಡರು. ಅದೇ ಕಾನೊದಲ್ಲಿ 1996ರ ಮೆದುಳುಜ್ವರದ ಹಾವಳಿಯ ನಡುವೆ ಔಷಧದ ಕಂಪನಿಯೊಂದು ಮಕ್ಕಳ ಮೇಲೆ ಪ್ರಯೋಗವನ್ನು ನಡೆಸಿತ್ತು. 11 ಮಕ್ಕಳು ತೀರಿಕೊಂಡಿದ್ದರು. ಸಾವಿನ ಕಾರಣವನ್ನು ಕುರಿತು ನ್ಯಾಯಾಲಯಗಳಲ್ಲಿ ವರ್ಷಾನುಗಟ್ಟಲೆ ವಾದ ನಡೆಯಿತು. ಮುಲ್ಕೋವಾಲಿನ ಸೀಸೆಯೇ ಇನ್ನೊಂದು ರೂಪದಲ್ಲಿ ಬಂದಂತೆ ನನಗೆ ಕಾಣುತ್ತದೆ. ಲಾರ್ಸನ್ 2010ರಲ್ಲಿ ಲಂಡನ್ನಿನ ಆರೋಗ್ಯಶಾಸ್ತ್ರ ಮತ್ತು ಉಷ್ಣವಲಯ ವೈದ್ಯದ ಶಾಲೆಯಲ್ಲಿ, ಲಸಿಕೆಗಳ ಮೇಲೆ ಜನಕ್ಕಿರುವ ವಿಶ್ವಾಸವನ್ನು ಅಳೆಯುವ ಯೋಜನೆಯೊಂದನ್ನು ಸ್ಥಾಪಿಸಿ, ಪತ್ರಿಕೆಗಳಲ್ಲಿ, ಜಾಲತಾಣಗಳಲ್ಲಿ ಲೋಕವೆಲ್ಲ ಏನನ್ನು ಆಡಿಕೊಳ್ಳುತ್ತದೆ ಎಂಬುದನ್ನು ಆಲಿಸಲು ತೊಡಗಿದರು. 67 ದೇಶಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಸಿಕೆಯ ಸುರಕ್ಷತೆಯನ್ನು ಅತ್ಯಂತ ಹೆಚ್ಚಾಗಿ ಸಂಶಯಿಸಿದವರು ಫ್ರಾನ್ಸಿನವರು. ನೂರಕ್ಕೆ 41 ಜನ. ಪಾಶ್ಚರನ ದೇಶ ಅದು. ಅಜ್ಞಾನವೇ ವದಂತಿಯ ತಾಯಿಯೆಂಬ ಹಳೆಯ ವಾದವನ್ನು ಮುರಿಯಲು ಆ ಒಂದು ಅಂಕಿ ಸಾಕು.

ಯಂತ್ರದ ಭಾಗವನ್ನು ನಾನು ಬೇಗನೆ ದಾಟುತ್ತೇನೆ. ಅದರಲ್ಲಿ ಸದ್ದು ಹೆಚ್ಚು. ಜನ ಜ್ವರ ನೆಗಡಿಗಳೆಂದು ಏನೇನನ್ನು ಹುಡುಕುತ್ತಾರೆಂಬುದರಿಂದಲೇ ಫ್ಲೂ ಹಬ್ಬುವುದನ್ನು ಅರಿಯುವೆನೆಂದು 2008ರಲ್ಲಿ ಹೊರಟ ಗೂಗಲ್ಲಿನ ಪ್ರಯೋಗ, 2012-13ರ ಚಳಿಗಾಲದಲ್ಲಿ ನಿಜಕ್ಕಿಂತ ಸುಮಾರು ಇಮ್ಮಡಿ ರೋಗವನ್ನು ಎಣಿಸಿ ನಗೆಗೀಡಾಗಿ, 2015ರಲ್ಲಿ ನಿಂತಿತು. ಜ್ವರ ಬಂದವನಷ್ಟೇ ಅಲ್ಲ, ಜ್ವರದ ಸುದ್ದಿ ಕೇಳಿ ಹೆದರಿದವನೂ ಹುಡುಕುತ್ತಾನೆ. ಪಾಟ್ನಾದ ಮನೆ ಬೀಳದವನ ಕಥೆಯನ್ನು ಓದಿದ್ದರೆ ಈ ತಪ್ಪಾಗುತ್ತಿರಲಿಲ್ಲವೋ ಏನೋ. ಟ್ವಿಟರಿನಲ್ಲಿ ಲಸಿಕೆಯ ಪರವಾಗಿಯೂ ವಿರುದ್ಧವಾಗಿಯೂ ಒಂದೇ ಉತ್ಸಾಹದಿಂದ ಜಗಳವಾಡುತ್ತಿದ್ದ ರಷ್ಯದ ಕೂಲಿ ಖಾತೆಗಳನ್ನು 2018ರಲ್ಲಿ ಅಮೆರಿಕದ ವಿದ್ವಾಂಸರು ಪತ್ತೆಮಾಡಿದರು. ನಮ್ಮಲ್ಲಿ 2017ರ ಫೆಬ್ರವರಿ 5ರಂದು ಬೆಂಗಳೂರಿನಿಂದ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಹೊರಟೊಡನೆ, ಕರ್ನಾಟಕ ತಮಿಳುನಾಡುಗಳ ವಾಟ್ಸ್ಯಾಪ್ ಗುಂಪುಗಳಲ್ಲಿ ಹಳೆಯ ಅಂತೆಗಳೆಲ್ಲ ಹೊಸ ಉಡುಪಿನಲ್ಲಿ ಕಾಣಿಸಿಕೊಂಡುವು. ವದಂತಿಗೆ ಅಂಕೆಯಿಡಲು ಆಳುವವರಿಗೂ ಕಂಪನಿಗಳಿಗೂ ಹೊಳೆದ ಸಂಖ್ಯೆ ಏಕೋ ಐದೇ: 2012ರ ಆಗಸ್ಟಿನಲ್ಲಿ ಈಶಾನ್ಯದ ಜನ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದಾಗ ದಿನಕ್ಕೆ ಐದು ಎಸ್ಸೆಮ್ಮೆಸ್ಸುಗಳೆಂದು ಸರ್ಕಾರ ಮಿತಿಯಿಟ್ಟಿತು, 2018ರಲ್ಲಿ ಒಂದು ಸಂದೇಶವನ್ನು ಐದು ಕಡೆಗೆ ಮಾತ್ರ ರವಾನಿಸಬಹುದೆಂದು ವಾಟ್ಸ್ಯಾಪ್ ಕಟ್ಟು ಮಾಡಿತು.

ಈಗ ಈ ವಿದ್ಯೆಯ ಮುಂದೆ ಬೇರೊಂದು ತೊಡಕು ಬಂದು ನಿಂತಿದೆ. ವಾಟ್ಸ್ಯಾಪಿನ ಮಾತುಗಳು ಬೀಗಮುದ್ರೆಯೊಳಗೆ ಸಾಗುತ್ತವೆ. ಕಳುಹಿಸಿದವನಿಗೂ ಪಡೆದವನಿಗೂ ಅಲ್ಲದೆ ಇನ್ನಾರಿಗೂ ತೆರೆಯವು. ಟ್ವಿಟರು ವಿದ್ವಾಂಸರಿಗೆ ಬಿಟ್ಟಿದ್ದ ಉಚಿತ ಬಾಗಿಲನ್ನು 2023ರಲ್ಲಿ ಮುಚ್ಚಿತು. ಫೇಸ್‌ಬುಕ್ಕಿನ ಮಾತುಗಳನ್ನು ಇಣುಕಿ ನೋಡಲು ಸಂಶೋಧಕರಿಗೆ ಕಿಟಕಿಯಂತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನ 2024ರ ಆಗಸ್ಟಿನಲ್ಲಿ ನಿಂತುಹೋಯಿತು. 2020ರ ಮಾರ್ಚ್ 22ರ ಜನತಾ ಕರ್ಫ್ಯೂವಿನ ಹಿಂದಿನ ದಿನ, ವೈರಸ್ಸು 12 ಗಂಟೆಗಿಂತ ಹೆಚ್ಚು ಬದುಕದಂತೆ, 14 ಗಂಟೆ ಒಳಗಿದ್ದರೆ ಸಾಕಂತೆ, ಮರುದಿನ ದೇಶವೇ ಶುದ್ಧವಂತೆ ಎಂಬ ಸಂದೇಶ ನಮ್ಮ ಮನೆಯವರ ಗುಂಪಿನಲ್ಲಿಯೂ ಬಂದಿತ್ತು. ಅದರ ಕೆಳಗೆ ಯಾರು ಏನನ್ನು ಬರೆದರು, ಯಾರು ನಂಬಿದರು, ಯಾರು ನಕ್ಕರು ಎಂಬುದನ್ನು ನೋಡಬೇಕೆಂದು ಈ ಲೇಖನಕ್ಕೆ ಕುಳಿತಾಗ ಹುಡುಕಿದೆ. ಆ ಫೋನು ಹೋಗಿ ಎರಡು ಫೋನುಗಳಾಗಿವೆ. ಸಂದೇಶ ಎಲ್ಲಿಯೂ ಉಳಿದಿಲ್ಲ. 1934ರ ಜನವರಿಯಲ್ಲಿ ಗಂಗೆಯ ದಡದವರು ಆಡಿಕೊಂಡದ್ದು ಮಾತ್ರ ಜಮುನಾ ಪ್ರಸಾದರ ಲೇಖನದಲ್ಲಿ ಅಚ್ಚಾದ ಹಾಗೆಯೇ ಇದೆ. ಒಳ್ಳೆಯ ಗ್ರಂಥಾಲಯದಲ್ಲಿ ಕೇಳಿದರೆ ತೆಗೆದುಕೊಡುತ್ತಾರೆ.